ನೀಲಿ ಟಬ್ಬಿಗೆ ಇಳಿದ ಕರಿ ದ್ರಾಕ್ಷಿ

ಹೋದ ವರ್ಷ ಮಾರ್ಚ್ ತಿಂಗಳ ಒಂದು ಮಂಗಳವಾರ ಬೆಳಿಗ್ಗೆ, ಇಂಡಿಯಿಂದ ಚಡಚಣದ ಕಡೆ ಹೋಗುವ ಮೊದಲ ಬಸ್ಸು ದಾಟಿದ ಸ್ವಲ್ಪ ಹೊತ್ತಿಗೆ, ನಾನು ನನ್ನ ಅಕ್ಕನ ತೋಟದ ನೀರಿನ ತೊಟ್ಟಿಯ ಪಡುವಣ ಮೂಲೆಯಲ್ಲಿ ನಿಂತಿದ್ದೆ. ಮುಖ ಮೂಡಣಕ್ಕಿತ್ತು. ಕೈಯಲ್ಲಿ ಚಹಾದ ಲೋಟವಿತ್ತು. ನನ್ನ ಮುಂದೆ ಬದು, ಬದುವಿನಾಚೆ ನೆರೆಹೊಲದ ಚಾಚಾನ ಒಣದ್ರಾಕ್ಷಿ ಶೆಡ್ಡು. ಶೆಡ್ಡಿನ ಬಾಯಲ್ಲಿ ಎರಡು ನೀಲಿ ಪ್ಲಾಸ್ಟಿಕ್ ಟಬ್ಬುಗಳಿದ್ದವು. ನನಗೂ ಅವಕ್ಕೂ ನಡುವೆ ಒಂದು ಬಸ್ಸಿನ ಉದ್ದಕ್ಕಿಂತ ಹೆಚ್ಚು, ಎರಡು ಬಸ್ಸಿನ ಉದ್ದಕ್ಕಿಂತ ಕಡಿಮೆ ದೂರ. ಆಗಷ್ಟೇ ಎದ್ದಿದ್ದ ಸೂರ್ಯ ಅವುಗಳ ಹಿಂದಿದ್ದ.

ಇಷ್ಟು ಖಚಿತ. ಇದರ ಮುಂದಿನದರಲ್ಲಿ ಖಚಿತವಾದದ್ದು ಕಡಿಮೆ.

ನಾನು ಸಿಂದಗಿ ಡಿಪೋದಲ್ಲಿ ಕಂಡಕ್ಟರ್ ಆಗಿ ನಿವೃತ್ತನಾದವನು. ಯಾರು ಎಲ್ಲಿ ಹತ್ತಿದರು, ಯಾರು ಎಲ್ಲಿ ಇಳಿಯಬೇಕು ಎಂಬುದನ್ನು ನೆನಪಿಡುವುದೇ ನನ್ನ ಕೆಲಸವಾಗಿತ್ತು. ಜಗಳ ಬಂದಾಗ ಡ್ರೈವರ್ ಕೂಡ ನನ್ನ ಮುಖ ನೋಡುತ್ತಿದ್ದ. ಹಾಗಾಗಿ ಆ ಬೆಳಗಿನ ಬಗ್ಗೆ ಎಲ್ಲರೂ ನನ್ನನ್ನೇ ಕೇಳಿದ್ದರಲ್ಲಿ ಆಶ್ಚರ್ಯವೇನಿರಲಿಲ್ಲ.

ಅಕ್ಕನ ಮನೆಯವರು ಮೊದಲು ಚಾಚಾನಂತೆಯೇ ಒಣದ್ರಾಕ್ಷಿ ಮಾಡುತ್ತಿದ್ದರು. ಅಕ್ಕನ ಮಗಳು ನಾಶಿಕದ ಕಡೆ ವೈನ್ ಮಾಡುವ ಕೆಲಸ ಕಲಿತು ಬಂದ ಮೇಲೆ, ಹಳೆಯ ಬಳ್ಳಿ ಕಿತ್ತು ಎರಡು ಬಗೆಯ ಕರಿ ದ್ರಾಕ್ಷಿ ಹಚ್ಚಿದರು. ಒಂದು ಶಿರಾಜ್, ಇನ್ನೊಂದು ಕ್ಯಾಬರ್ನೆ. ರಸ್ತೆ ಬದಿಯ ಗೋದಾಮೇ ವೈನರಿ ಆಯಿತು. ಅಲ್ಲಿ ತಯಾರಾಗುವುದು ಒಂದೇ ವೈನ್, ಈ ಎರಡನ್ನೂ ಕೂಡಿಸಿದ ಕೆಂಪು ವೈನ್. ಮನೆಯಲ್ಲಿ ಅದನ್ನು ಕುಡಿಯುವವರಿಲ್ಲ. ಅಕ್ಕ ಮೂಸಿ ನೋಡುತ್ತಾಳೆ, ಭಾವ ಬಣ್ಣ ನೋಡುತ್ತಾರೆ, ಹುಡುಗಿ ಬಾಯಿಗೆ ಹಾಕಿಕೊಂಡು ಉಗುಳುತ್ತಾಳೆ. “ಇಷ್ಟ್ ಕಷ್ಟಪಟ್ಟ್ ಮಾಡಿ ಉಗಳತೀರಲ್ಲ, ಚಲೋ ಇಲ್ಲೇನವಾ?” ಎಂದು ಚಾಚಾ ಒಮ್ಮೆ ಕೇಳಿದ್ದ. ಅವನೂ ಕುಡಿಯುವವನಲ್ಲ.

ರಾಸಾಯನಿಕ ಗೊಬ್ಬರ, ಔಷಧಿ ಎರಡನ್ನೂ ಬಿಟ್ಟು ಮೂರು ವರ್ಷ ಕಳೆದ ಮೇಲೆ, ಆ ಸಲದ ಬೆಳೆಗೆ ಮೊದಲ ಬಾರಿಗೆ ಸಾವಯವ ಎಂಬ ಮುದ್ರೆ ಸಿಗುವುದಿತ್ತು. ಆ ಮೂರು ವರ್ಷ ಹುಡುಗಿ ಸೆಗಣಿ, ಗಂಜಲ, ಬೇವಿನ ಹಿಂಡಿಯಲ್ಲಿಯೇ ಕೈ ಇಟ್ಟಿದ್ದಳು. ಬಳ್ಳಿಗೆ ಬೂದಿ ರೋಗ ಬಂದಾಗ ಚಾಚಾನ ಔಷಧಿ ಹೊಡೆಯುವ ಪಂಪು ಬದುವಿನಾಚೆಯೇ ಇತ್ತು, ಕೇಳಿದ್ದರೆ ಕೊಡುತ್ತಿದ್ದ, ಇವಳು ಕೇಳಲಿಲ್ಲ. ಬಾಟಲಿಯ ಮೇಲೆ ಆ ಒಂದು ಶಬ್ದ ಬರಬೇಕು ಎಂಬುದೇ ಅವಳ ಆಸೆಯಾಗಿತ್ತು.

ಕೊಯ್ಲಿಗೆ ಪ್ರತಿ ವರ್ಷದಂತೆ ಮುದ್ದೇಬಿಹಾಳ ತಾಲೂಕಿನ ಒಂದು ಗ್ಯಾಂಗು ಬಂದಿತ್ತು. ಗ್ಯಾಂಗಿನ ಮುಂದಾಳು ಒಬ್ಬ ಹೆಂಗಸು. ಸುತ್ತಲಿನವರೆಲ್ಲ ಅವಳನ್ನು ಕರೆಯುವುದು ಅಕ್ಕಾಬಾಯಿ ಎಂದೇ. ಅದು ಅವಳ ಹೆಸರಲ್ಲ. ಆ ವಾರ ಅವರು ಅಕ್ಕನ ತೋಟದಲ್ಲೂ ಚಾಚಾನ ತೋಟದಲ್ಲೂ ಕೊಯ್ಯುತ್ತಿದ್ದರು.

ಇಲ್ಲಿ ಒಂದು ಕೆಲಸದ ರೀತಿಯನ್ನು ಹೇಳಬೇಕು. ಒಣದ್ರಾಕ್ಷಿಗೆ ಕೊಯ್ದ ಗೊನೆಗಳನ್ನು ಕ್ರೇಟ್ ಸಮೇತ ಎತ್ತಿ ಒಂದು ಟಬ್ಬಿನ ನೀರಿನಲ್ಲಿ ಅದ್ದಿ ಧೂಳು ತೆಗೆಯುತ್ತಾರೆ. ಆಮೇಲೆ ಎಣ್ಣೆ, ಪುಡಿ ಕಲಸಿದ ಎರಡನೇ ಟಬ್ಬಿನಲ್ಲಿ ಅದ್ದುತ್ತಾರೆ. ಅದಕ್ಕೆ ಡಿಪ್ಪಿಂಗ್ ಅನ್ನುತ್ತಾರೆ. ಕಾಯಿಯ ಮೇಲಿನ ಮೇಣ ಹೋಗಿ ಬೇಗ ಒಣಗಲಿ ಎಂದು. ಆಮೇಲೆ ಶೆಡ್ಡಿನ ಬಲೆಯ ಮೇಲೆ ಹರವುತ್ತಾರೆ. ಕೊಯ್ಯುವುದು, ಅದ್ದುವುದು, ಹರವುವುದು, ಇದು ಆ ಹೆಂಗಸರ ಕೈಗೆ ಹಾಡಿನಂತೆ ರೂಢಿ. ವೈನಿನ ದ್ರಾಕ್ಷಿಗೆ ಇದು ಯಾವುದೂ ಕೂಡದು. ಎಣ್ಣೆ ಅಂತೂ ಇಲ್ಲವೇ ಇಲ್ಲ. ನೀರು ಕೂಡ ಬೇಡ, ರಸ ಹುಳಿಯಲು ಬೇಕಾದದ್ದು ಸಿಪ್ಪೆಯ ಮೇಲೆಯೇ ಇರುತ್ತದೆ ಎಂದು ಹುಡುಗಿ ಹಿಂದಿನ ಸಂಜೆ ಅಕ್ಕಾಬಾಯಿಗೆ ಹೇಳಿದ್ದನ್ನು ನಾನು ಕೇಳಿದ್ದೆ. ನೀರು ತಾಗಿದರೆ ವೈನಿಗೆ ತೊಂದರೆ, ಮುದ್ರೆಗೆ ಅಲ್ಲ. ಎಣ್ಣೆ ತಾಗಿದರೆ ಮುದ್ರೆ ಹೋದಂತೆಯೇ.

ಆ ಬೆಳಿಗ್ಗೆ ಅಕ್ಕ, ಭಾವ ಇಬ್ಬರೂ ಬಸವನ ಬಾಗೇವಾಡಿಗೆ, ತೀರಿಕೊಂಡ ಸಂಬಂಧಿಕರೊಬ್ಬರ ಮಣ್ಣಿಗೆ ಹೋಗಿದ್ದರು. ದ್ರಾಕ್ಷಿ ಹಿಂಡುವ ಯಂತ್ರದ ಬೆಲ್ಟು ಹರಿದದ್ದರಿಂದ ಹುಡುಗಿ ಇಂಡಿಗೆ ಹೋಗಿದ್ದಳು. “ಮಾಮಾ, ಸುಮ್ನ ಕುಂದರು, ಅವ್ರ ಕೆಲಸ ಅವ್ರಿಗೆ ಗೊತ್ತೈತಿ. ನಾ ಹಿಂಗ ಹೋಗಿ ಹಂಗ ಬರ್ತೇನಿ,” ಅಂದಿದ್ದಳು. ಆ ದಿನ ಕೊಯ್ಯುತ್ತಿದ್ದದ್ದು ಶಿರಾಜ್. ಬದುವಿನ ಪಕ್ಕದ ಸಾಲುಗಳು. ತುಂಬಿದ ಕ್ರೇಟುಗಳು ವೈನರಿಗೆ ಹೋಗಬೇಕಾದರೆ ಚಾಚಾನ ಶೆಡ್ಡಿನ ಮುಂದಿನ ದಾರಿಯಲ್ಲೇ ಹೋಗಬೇಕು.

ನಾನು ಲೋಟದಿಂದ ತಲೆ ಎತ್ತಿದಾಗ ಕಂಡದ್ದು ಇದು. ಟಬ್ಬಿನ ಹತ್ತಿರ ಒಬ್ಬ ಹೆಂಗಸು ಬಗ್ಗಿದ್ದಳು. ಕ್ರೇಟು ಕೆಳಗೆ ಹೋಯಿತು, ಮೇಲೆ ಬಂತು, ಅದರಿಂದ ನೀರು ಸೋರಿತು. ಒಳಗಿದ್ದದ್ದು ಕರಿ ದ್ರಾಕ್ಷಿ. ಅವಳು ಆಚೆ ಸರಿದಳು. ಆಮೇಲೆ ಮತ್ತೆ ಒಬ್ಬ ಹೆಂಗಸು ಬಗ್ಗಿದಳು, ಮತ್ತೆ ಒಂದು ಕ್ರೇಟು ಕೆಳಗೆ ಹೋಗಿ ಮೇಲೆ ಬಂತು. ನಾನು ಲೋಟ ಇಟ್ಟು ಕೂಗಿದೆ. “ಏ ಯವ್ವಾ! ನಮ್ಮ ದ್ರಾಕ್ಷಿ ಅದ್ದಬ್ಯಾಡ್ರೀ!” ಅವರು ನಿಂತರು. ಯಾರೋ ನಕ್ಕರು. ಯಾರೋ “ಹೌದಲ್ಲವ್ವಾ!” ಎಂದರು. ಕ್ರೇಟುಗಳು ತಲೆ ಏರಿ ವೈನರಿ ಕಡೆ ಹೋದವು. ನಾನು ಬದು ದಾಟಿ ಬರುವಷ್ಟರಲ್ಲಿ ದಾರಿಯ ಮಣ್ಣಿನಲ್ಲಿ ಹನಿಗಳ ಸಾಲು ಮಾತ್ರ ಇತ್ತು. ಟಬ್ಬುಗಳ ಪಕ್ಕ ಹೊರಸಿನ ಮೇಲೆ ಚಾಚಾನ ಮುದಿ ತಾಯಿ ಕೂತಿದ್ದಳು. ಅವಳು ನನ್ನನ್ನು ನೋಡಿ “ಚಹಾ ಆತೇನಪ್ಪಾ?” ಎಂದಳು. “ಆತವಾ,” ಅಂದೆ. ಬೇರೆ ಏನನ್ನೂ ಕೇಳಲಿಲ್ಲ. ಕೇಳಬೇಕು ಎಂದು ಆಗ ಯಾರಿಗೂ ಹೊಳೆಯುವಂತಿರಲಿಲ್ಲ.

ನಾನು ನಿಂತ ಜಾಗದಿಂದ ಎರಡು ಟಬ್ಬುಗಳು ಒಂದರ ಹಿಂದೆ ಒಂದು ಇದ್ದವು. ಒಂದರಲ್ಲಿ ನೀರು, ಒಂದರಲ್ಲಿ ಡಿಪ್ಪಿಂಗ್. ಎರಡೂ ನೀಲಿ. ಕ್ರೇಟು ಇಳಿದದ್ದು ಯಾವುದಕ್ಕೆ?

ಹುಡುಗಿ ಬೆಲ್ಟು ಹಿಡಿದುಕೊಂಡು ಬಂದ ಕೂಡಲೇ ಹೇಳಿದೆ. ಅವಳು ಕ್ರೇಟುಗಳ ರಾಶಿಯ ಕಡೆ ಓಡಿದಳು. ಅಷ್ಟರಲ್ಲಿ ಬಿಸಿಲಿಗೆ ಎಲ್ಲ ಒಣಗಿತ್ತು. ಒದ್ದೆಯಾಗಿದ್ದ ಕ್ರೇಟುಗಳು ಯಾವುವು ಎಂದು ಯಾರಿಂದಲೂ ತೋರಿಸಲಾಗಲಿಲ್ಲ. ಗೊನೆಗಳನ್ನು ಎತ್ತಿ ಬೆಳಕಿಗೆ ಹಿಡಿದಳು. ಕರಿ ದ್ರಾಕ್ಷಿಯ ಮೇಲೆ ಬೂದಿಯಂಥ ತೆಳುವಾದ ಪುಡಿ ಇರುತ್ತದೆ, ಡಿಪ್ಪಿಂಗ್ ತಾಗಿದರೆ ಅದು ಹೋಗಿ ಕಾಯಿ ಹೊಳೆಯುತ್ತದೆ. ಹೊಳೆಯುವ ಕಾಯಿಗಳು ಇದ್ದವು. ಆದರೆ ಹೆಂಗಸರ ಕೈ ತಾಗಿದಲ್ಲೂ ಆ ಪುಡಿ ಹೋಗಿರುತ್ತದೆ. ಅವಳು ಒಂದು ಕಾಯಿ ನೆಕ್ಕಿದಳು. ಇನ್ನೊಂದು ನೆಕ್ಕಿದಳು. ನನ್ನ ಬಾಯಿಗೂ ಒಂದು ಹಿಡಿದಳು.

“ಎಣ್ಣಿ ಹತ್ತತೈತೇನ್ ಮಾಮಾ?”

“ಸಿಹಿ ಹತ್ತತೈತಿ.”

“ಸಿಹಿ ಇರೂದ ಗೊತ್ತೈತಿ.”

ವಾಸನೆಯಿಂದಲೂ ತಿಳಿಯಲಿಲ್ಲ. ಚಾಚಾ ನಸುಕಿನಲ್ಲೇ ಡಿಪ್ಪಿಂಗ್ ಕಲಸಿದ್ದರಿಂದ ಬದುವಿನ ಎರಡೂ ಕಡೆ ಅದೇ ವಾಸನೆ. ಕೊಯ್ದ ದ್ರಾಕ್ಷಿ ಬಿಸಿಲಿನಲ್ಲಿ ಬಹಳ ಹೊತ್ತು ತಾಳುವುದಿಲ್ಲ. ಅವಳು ಬೆಲ್ಟು ಹಾಕಿಸಿ, ಎಲ್ಲವನ್ನೂ ಹಿಂಡಿ ಒಂದೇ ಟ್ಯಾಂಕಿಗೆ ತುಂಬಿದಳು. ಮುಂದಿನ ವಾರ ಕೊಯ್ದ ಕ್ಯಾಬರ್ನೆ ಬೇರೆ ಟ್ಯಾಂಕಿಗೆ ಹೋಯಿತು. ಅದು ಕೊಯ್ಯುವಾಗ ಅವಳು ತಾನೇ ಶೆಡ್ಡಿನ ದಾರಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು.

ಮಳೆಗಾಲ ಮುಗಿಯುವ ತನಕ ಆ ಮಾತು ಬರಲಿಲ್ಲ. ನಾನು ಸಿಂದಗಿಯಲ್ಲಿದ್ದೆ. ಆಗೀಗ ಕಣ್ಣು ಮುಚ್ಚಿ ಆ ಬೆಳಗನ್ನು ತಂದುಕೊಳ್ಳುತ್ತಿದ್ದೆ. ಮೊದಮೊದಲು ಕ್ರೇಟು ಮುಂದಿನ ಟಬ್ಬಿಗೆ ಇಳಿದಂತೆ ಕಾಣುತ್ತಿತ್ತು. ಕೆಲವು ವಾರ ಬಿಟ್ಟು ನೋಡಿದರೆ ಹಿಂದಿನದಕ್ಕೆ. ಮತ್ತೊಮ್ಮೆ, ಟಬ್ಬು ಒಂದೇ ಇತ್ತೇನೋ ಅನ್ನಿಸಿತು. ಬಸ್ಸಿನಲ್ಲಿ ಎಂದೂ ಹೀಗಾಗಿರಲಿಲ್ಲ. ನಾನು ಎಷ್ಟು ಸಲ ನೋಡಿದೆನೋ ಅಷ್ಟು ಸಲ ಅದು ಬೇರೆಯಾಯಿತು. ನಿಜಕ್ಕೂ ಕಂಡದ್ದು ಯಾವುದು, ನಾನು ಮಾಡಿಕೊಂಡದ್ದು ಯಾವುದು ಎಂಬ ಗೆರೆ ಅಳಿಸಿತು.

ದೀಪಾವಳಿ ಮುಗಿದ ಮೇಲೆ ಹುಡುಗಿ ಫೋನ್ ಮಾಡಿದಳು. ಎರಡೂ ಟ್ಯಾಂಕಿನ ವೈನ್ ಕೂಡಿಸುವ ಹೊತ್ತು ಬಂದಿತ್ತು. ಸಾವಯವ ಮುದ್ರೆ ಕೊಡುವವರೂ ಬರುವವರಿದ್ದರು. ವೈನನ್ನು ಪರೀಕ್ಷೆಗೆ ಕಳಿಸಿದ್ದಳಂತೆ. ಔಷಧಿ ಇಲ್ಲ ಎಂದು ಬಂದಿತ್ತು. “ಅವ್ರ ಹುಡಕೂದ ಔಷಧಿ ಮಾಮಾ. ಡಿಪ್ಪಿಂಗ್ ಎಣ್ಣಿ ಅವ್ರು ಹುಡಕೂದ ಇಲ್ಲ. ಅವತ್ತ ಕಂಡವ್ರು ನೀವೆಲ್ಲಾ ಏನ್ ಹೇಳ್ತೀರಿ, ಅದ ನನಗ ದಿಕ್ಕ,” ಎಂದಳು.

ನಾನು ಕೇಳಿಕೊಂಡು ಬರುತ್ತೇನೆ ಎಂದೆ. ಸಿಂದಗಿಯಿಂದ ಬಸವನ ಬಾಗೇವಾಡಿ, ಅಲ್ಲಿ ಬಸ್ಸು ಬದಲಿಸಿ ಮುದ್ದೇಬಿಹಾಳ, ಅಲ್ಲಿಂದ ಟೆಂಪೋ. ಅಕ್ಕಾಬಾಯಿ ಮನೆಯ ಮುಂದೆ ತೊಗರಿ ಕೇರುತ್ತಿದ್ದಳು.

“ಬರ್ರಿ ಬರ್ರಿ ಕಂಡಕ್ಟರ್ ಸಾಹೇಬ್ರ. ಟಿಕೀಟ್ ಕೇಳಾಕ ಇಲ್ಲಿತನ ಬಂದೀರೇನ್ರಿ?”

“ಟೆಂಪೋದಾವ ಅರ್ಧ ದಾರ್ಯಾಗ ಇಳಿಸಿದ. ನಡಕೊಂತ ಬಂದೆ.”

“ಚಲೋ ಆತ್ ಬಿಡ್ರಿ. ನಮ್ಮನ್ನ ದಿನಾ ಹಂಗ ಇಳಿಸ್ತಿದ್ರಿ, ಒಂದ್ ದಿನ ನೀವೂ ನಡೀರಿ.”

ನೀರು ಕೊಟ್ಟಳು, ಬೆಲ್ಲ ಕೊಟ್ಟಳು. ವಿಷಯ ಹೇಳಿದಾಗ ಮೊರ ಕೆಳಗಿಟ್ಟಳು.

“ನೀರ್ನ್ಯಾಗ ಅದ್ದಿದ್ದು ಖರೆ ಐತ್ರಿ. ನಾನ ಅದ್ದಿದ್ದು. ಹಿಂದಿನ ರಾತ್ರಿ ಕಬ್ಬಿನ ಗಾಡಿ ಹೋಗಿ ಗೊನಿ ಮ್ಯಾಲ ಧೂಳ ಕುಂತಿತ್ತು. ಹುಡುಗಿ ನೀರೂ ಬ್ಯಾಡ ಅಂದಿದ್ಲು. ಆದ್ರ ಅಷ್ಟ್ ಧೂಳ ಕೊಟ್ರ ನಮಗ ಮರ್ಯಾದಿ ಏನ್ರಿ? ಅದಕ್ಕ ಒಂದ್ ಮುಳುಗ ಹಾಕ್ದೆ.”

“ನೀರ ಅಂತ ಹೆಂಗ ಹೇಳ್ತಿ? ಟಬ್ಬ ಎರಡೂ ನೀಲಿ.”

“ಅಯ್ಯ ಶಿವನ! ಕೈಗೆ ಗೊತ್ತಾಗಂಗಿಲ್ಲೇನ್ರಿ? ಡಿಪ್ಪಿಂಗ್ ಆದ್ರ ಜಾರತೈತಿ. ಕತ್ರಿ ಹತ್ತಿದ್ದ ಬೆರಳ ಚುರುಚುರು ಅಂತೈತಿ. ಅವತ್ತ ಚುರುಗುಟ್ಟಲಿಲ್ಲ.”

ಎರಡೂ ಕ್ರೇಟು ನೀರಿನಲ್ಲೇ ಎಂದಾಯಿತಲ್ಲ ಎಂದು ಎದ್ದು ನಿಂತೆ.

“ಎರಡಾ?” ಎಂದಳು ಅವಳು. “ನಾ ಅದ್ದಿದ್ದು ಒಂದ ರೀ. ಅಷ್ಟರಾಗ ನೀವು ಒದರಿದ್ರಿ.”

ನಾನು ಮತ್ತೆ ಕೂತೆ. ಕೊಯ್ಲಿನ ಹೆಂಗಸರು ಎಲ್ಲರೂ ಸೀರೆಯ ಮೇಲೆ ಗಂಡಸರ ಹಳೆಯ ಅಂಗಿ ತೊಟ್ಟಿರುತ್ತಾರೆ, ತಲೆ ಮುಖಕ್ಕೆ ಟವೆಲ್ ಸುತ್ತಿರುತ್ತಾರೆ. ಅವರ ಹಿಂದೆ ಸೂರ್ಯನಿದ್ದ. ಮೊದಲು ಬಗ್ಗಿದವಳು, ಆಮೇಲೆ ಬಗ್ಗಿದವಳು ಒಬ್ಬಳೇ ಎಂದು ನಾನು ಇಷ್ಟು ದಿನ ಯಾಕೆ ಅಂದುಕೊಂಡಿದ್ದೆ? ಬೇರೆ ಬೇರೆ ಎಂದು ಯಾಕೆ ಅಂದುಕೊಳ್ಳಲಿಲ್ಲ?

“ಇನ್ನೊಬ್ಬಾಕಿ ಯಾರು?”

ಅಕ್ಕಾಬಾಯಿ ಯೋಚಿಸಿದಳು. “ಆಗ ಉಳದವ್ರೆಲ್ಲಾ ಸಾಲಿನ್ಯಾಗಿದ್ರು. ನಮ್ಮ ನಾದಿನಿ ಇದ್ಲು ಬಾಜೂಕ. ಆಕಿ ಏನ್ ಮಾಡಿದ್ಲು ನಾ ನೋಡ್ಲಿಲ್ಲ ರೀ. ಸುಳ್ಳ ಯಾಕ ಹೇಳ್ಲಿ.” ನಾದಿನಿ ಗಂಡನ ಜೊತೆ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೋಗಿದ್ದಳು. ಅಕ್ಕಾಬಾಯಿ ಕೂತಲ್ಲಿಂದಲೇ ಅವಳಿಗೆ ಫೋನ್ ಹಚ್ಚಿದಳು. ಸ್ಪೀಕರಿನಲ್ಲಿ ಕಾಂಕ್ರೀಟ್ ಯಂತ್ರದ ಸದ್ದು, ಅದರ ನಡುವೆ ಒಂದು ಹೆಣ್ಣು ದನಿ.

“ಯಾವ ದ್ರಾಕ್ಷಿನ ಯಕ್ಕಾ?”

“ಅದ, ಸೆರೆ ಮಾಡೂ ದ್ರಾಕ್ಷಿ. ಅದ್ದಿದ್ಯೇನ್ ನೀ?”

“ದಿನಾ ಅದ್ದತಿದ್ವಿ. ಅವತ್ತ ಯಾವ ದಿನ?”

“ಕಂಡಕ್ಟರ್ ಒದರಿದ ದಿನ.”

ದನಿ ನಕ್ಕಿತು. “ಅವ್ರ ಒದರಿದ್ದ್ ನೆನಪೈತಿ. ಅದ್ದಿದ್ದ್ ನೆನಪಿಲ್ಲ.”

ಅಲ್ಲಿಗೆ ಅದು ಮುಗಿಯಿತು. ಬರುವ ದಾರಿಯಲ್ಲಿ ಬಸವನ ಬಾಗೇವಾಡಿ ಬಸ್‌ಸ್ಟ್ಯಾಂಡಿನಲ್ಲಿ ಸಿಂದಗಿ ಬಸ್ಸು ನನ್ನ ಎದುರಿಗೇ ಹೊರಟುಹೋಯಿತು. ಬೋರ್ಡು ನೋಡುತ್ತಲೇ ಇದ್ದೆ, ಹತ್ತಬೇಕೆಂದು ಹೊಳೆಯಲಿಲ್ಲ.

ಮರುದಿನ ಇಂಡಿಗೆ ಬಂದು ಮೊದಲು ಚಾಚಾನ ಹತ್ತಿರ ಹೋದೆ. ಅವನ ತಾಯಿ ಶ್ರಾವಣದಲ್ಲಿ ತೀರಿಕೊಂಡಿದ್ದಳು. ಹೊರಸು ಶೆಡ್ಡಿನ ಗೋಡೆಗೆ ಒರಗಿತ್ತು. ಚಾಚಾ ಅದನ್ನು ಕೆಳಗಿಳಿಸಿ ನನ್ನನ್ನು ಕೂಡಿಸಿದ.

“ಅವ್ವ ಇದ್ದಿದ್ರ ನಿಕ್ಕಿ ಹೇಳ್ತಿದ್ಲು ತಮ್ಮಾ. ಕೈ ಚಾಚಿದ್ರ ಟಬ್ಬ ಸಿಗ್ತಿತ್ತು ಆಕಿಗೆ. ಬದುಕಿದ್ದಾಗ ಯಾರೂ ಕೇಳಲಿಲ್ಲ.”

“ನೀ ಏನ್ ನೋಡ್ದಿ ಚಾಚಾ?”

“ನಾ ಶೆಡ್ಡಿನ ಒಳಗಿದ್ದೆ. ಬಲಿ ಸಂದಿಯಿಂದ ನೋಡ್ದೆ. ಡಿಪ್ಪಿಂಗ್ ಟಬ್ಬಿನಿಂದ ಕರಿ ದ್ರಾಕ್ಷಿ ಕ್ರೇಟ್ ಮ್ಯಾಲ ಬಂತು. ಇದ್ ಮಾತ್ರ ಖರೆ. ಹುಡುಗಿಗೆ ಕೆಟ್ಟ ಆಗ್ತೈತಿ ಅಂತ ಗೊತ್ತೈತಿ, ಆದ್ರೂ ಹೇಳಬೇಕಲ್ಲ.”

ನಾನು ಹೊರಸಿನಿಂದ ಏಳಹೋದೆ. ಅವನೇ ಮುಂದುವರಿಸಿದ. “ಆದ್ರ ನಂದೂ ನಾಲ್ಕ ಸಾಲ ಕರಿ ದ್ರಾಕ್ಷಿ ಐತಲ್ಲೋ, ಒಣಗಿಸಿ ಕರಿ ಮಣೂಕ ಮಾಡಾಕ ಹಚ್ಚಿದ್ದು. ಅವತ್ತ ಅದನ್ನೂ ಅದ್ದಾಕತ್ತಿದ್ರು. ನಾ ನೋಡಿದ್ದು ನಂದೋ, ನಿಮ್ಮದೋ? ಕಣ್ಣಿನ ಆಪರೇಶನ್ ಆಗಿ ತಿಂಗಳಾಗಿತ್ತು. ಕರಿ ಅನ್ನೂದ ಕಂಡಿತ್ತು. ಯಾರ ಕರಿ ಅನ್ನೂದ ಕಾಣಲಿಲ್ಲ.”

ಎದ್ದು ಬದು ದಾಟಿ, ತೊಟ್ಟಿಯ ಪಡುವಣ ಮೂಲೆಗೆ ಹೋಗಿ ನಿಂತೆ. ಚಾಚಾ ಎರಡೂ ಟಬ್ಬು ತಂದು ಹಿಂದಿನ ಜಾಗದಲ್ಲಿ ಇಟ್ಟ. ಒಂದು ಖಾಲಿ ಕ್ರೇಟು ಹಿಡಿದು ಬಗ್ಗಿ, “ಇದಾ?” ಎಂದು ಕೂಗಿದ. ಆಮೇಲೆ “ಇದಾ?” ಎಂದ. ನನಗೆ ಎರಡು ಸಲವೂ ಒಂದೇ ಕಂಡಿತು.

ವೈನರಿಯಲ್ಲಿ ಅಕ್ಕ, ಭಾವ, ಹುಡುಗಿ ಮೂವರೂ ಇದ್ದರು. ನಾನು ಕೇಳಿದ್ದನ್ನು ಕೇಳಿದಂತೆಯೇ ಹೇಳಿದೆ. ಹುಡುಗಿ ಮೂರು ಲೋಟ ಇಟ್ಟಳು. ಮೊದಲನೆಯದರಲ್ಲಿ ಕ್ಯಾಬರ್ನೆ ಒಂದೇ. ಅದು ಕವಳಿಕಾಯಿ ಕಚ್ಚಿದಂತೆ ನಾಲಿಗೆ ಎಳೆಯಿತು. ಎರಡನೆಯದು ಶಿರಾಜ್. ಮೆತ್ತಗೆ, ನೇರಳೆ ಹಣ್ಣಿನಂತೆ, ಆದರೆ ಬೇಗ ಮುಗಿಯುತ್ತಿತ್ತು. ಮೂರನೆಯದು ಎರಡನ್ನೂ ಕೂಡಿಸಿದ್ದು. ನನಗೆ ವೈನ್ ಗೊತ್ತಿಲ್ಲ. ಗುರೆಳ್ಳು ಹುರಿಯುವಾಗ ಬರುವ ವಾಸನೆ ಬಂತು, ಗಂಟಲಿನಿಂದ ಇಳಿದ ಮೇಲೂ ಉಳಿಯಿತು. ಎಣ್ಣೆಯ ಜಾಡನ್ನು ನಾಲಿಗೆಯಲ್ಲಿ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದರೆ ಇರಲಿಲ್ಲ ಎಂದೇ? ಒಂದು ಕ್ರೇಟಿನದು ಇಡೀ ಟ್ಯಾಂಕಿನಲ್ಲಿ ಎಲ್ಲಿ ಸಿಗಬೇಕು?

“ಕ್ಯಾಬರ್ನೆ ಒಂದನ್ನ ಬಾಟ್ಲಿ ಮಾಡಿದ್ರ ಮುದ್ರಿ ಹಚ್ಚಬಹುದು,” ಎಂದಳು ಹುಡುಗಿ. “ಆದ್ರ ಅದು ನಮ್ಮ ವೈನ್ ಅಲ್ಲ. ಕೂಡಿಸಿದ್ರ ನಮ್ಮದು ಆಗತೈತಿ, ಮುದ್ರಿ ನಿನ್ನ ಮಾತಿನ ಮ್ಯಾಲ ನಿಂತೈತಿ. ಮಾಮಾ, ನೀರ ಅಂದ್ರ ನೀರು. ನೀ ಅಂದದ್ದನ್ನ ನಾ ಅವ್ರ ಮುಂದ ಹೇಳ್ತೇನಿ.”

ಅಕ್ಕ ನನ್ನ ಮೊಣಕೈ ಹಿಡಿದಳು. “ನೀರ ಅಂದ್ಬಿಡೋ ತಮ್ಮಾ. ಅಕ್ಕಾಬಾಯಿನೂ ನೀರ ಅಂದಾಳ. ಏನ್ ಹೋಗ್ತೈತಿ ನಿಂದು? ಕೂಸು ಮೂರ ವರ್ಷ ಸೆಗಣ್ಯಾಗ ಕೈ ಇಟ್ಟೈತಿ.”

“ಅವ್ವಾ, ಸುಮ್ನಿರು.”

“ನಾ ಯಾಕ ಸುಮ್ನಿರ್ಲಿ? ಎಂಟ ಊರ ಮಂದಿ ಇವನ ಮಾತಿಗೆ ಬಸ್ಸಿನಿಂದ ಇಳದು ಹೋಗ್ತಿದ್ರು. ಇವ ನೀರ ಅಂದ್ರ ನೀರ!”

ಭಾವ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ನೋಡುತ್ತಿದ್ದರು.

ನೀರು ಎಂದು ಹೇಳಲು ಬಾಯಿ ತೆರೆದದ್ದು ನಿಜ. ಅದು ಸುಳ್ಳಾಗಿರುತ್ತಿತ್ತು ಎಂದು ಕೂಡ ನನಗೆ ಖಚಿತವಿರಲಿಲ್ಲ. ಅಕ್ಕಾಬಾಯಿಯ ಬೆರಳು ಚುರುಗುಟ್ಟಲಿಲ್ಲ. ಅಂದರೆ ನಾನು ಕಂಡ ಎರಡರಲ್ಲಿ ಒಂದು ನೀರೇ. ಇನ್ನೊಂದೂ ನೀರೇ ಇರಬಹುದು. ಆದರೆ ಎಣ್ಣೆ ಎಂದಿದ್ದರೂ ಅದು ಸುಳ್ಳೆಂದು ಹೇಳಲು ನನ್ನಿಂದ ಆಗುತ್ತಿರಲಿಲ್ಲ. ನಾನು ಅಲ್ಲಿ ನಿಂತಿದ್ದೆ, ಕಣ್ಣು ತೆರೆದಿತ್ತು, ನನ್ನ ಮುಂದೆಯೇ ಅದು ನಡೆಯಿತು, ಆದರೂ ನನಗೆ ಅದು ಗೊತ್ತಿಲ್ಲ. ಇದು ಹೇಗೆ ಸಾಧ್ಯ ಎಂದು ಇವತ್ತಿಗೂ ಅರ್ಥವಾಗಿಲ್ಲ.

“ನನಗ ಗೊತ್ತಿಲ್ಲವಾ,” ಎಂದೆ.

ಹುಡುಗಿ ತಲೆ ಆಡಿಸಿದಳು. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಅಕ್ಕ ನನ್ನ ಮೊಣಕೈ ಬಿಟ್ಟು ಹೊರಗೆ ಹೋದಳು. ಹುಡುಗಿ ಎರಡು ಟ್ಯಾಂಕುಗಳ ನಡುವೆ ಪೈಪು ಜೋಡಿಸಿ, ಪಂಪು ಹಚ್ಚಿ, ಶಿರಾಜನ್ನು ಕ್ಯಾಬರ್ನೆಗೆ ಬಿಟ್ಟಳು. ಪೈಪು ಒಮ್ಮೆ ಅಲುಗಾಡಿತು, ಆಮೇಲೆ ಸಮನಾಗಿ ಹರಿಯಿತು. “ಈ ವರ್ಷದ್ದ ಬರೀ ವೈನ್ ಅಂತ ಹೋಗ್ಲಿ,” ಎಂದಳು. “ಇಷ್ಟ್ ಚಲೋ ಆಗದಿದ್ರ ಸಂಕಟ ಇರ್ತಿದ್ದಿಲ್ಲ ಮಾಮಾ.” ಸಾವಯವ ಎಂಬ ಶಬ್ದವಿಲ್ಲದೆ ಲೇಬಲ್ಲುಗಳನ್ನು ಮಾಡಿಸಿದರು. ಬಾಟಲಿಗಳು ಹೋದವು. ಕುಡಿದವರು ಚೆನ್ನಾಗಿದೆ ಎಂದರಂತೆ. ಅಕ್ಕ ನನ್ನ ಜೊತೆ ಮಾತಾಡುತ್ತಾಳೆ, ಆ ಬೆಳಗಿನ ಬಗ್ಗೆ ಮಾತ್ರ ಆಡುವುದಿಲ್ಲ.

ಆ ಮಂಗಳವಾರ ಟಬ್ಬುಗಳ ಹತ್ತಿರ ಇದ್ದು ಕಂಡವರಲ್ಲಿ ನನ್ನನ್ನು ಬಿಟ್ಟು ಮೂವರು ಈಗಲೂ ಇದ್ದಾರೆ, ಬೇಕಾದವರು ಕೇಳಬಹುದು. ಬದುವಿನಾಚೆಯ ಚಾಚಾ. ಮುದ್ದೇಬಿಹಾಳ ತಾಲೂಕಿನ ತನ್ನ ಊರಿನಲ್ಲಿ ಅಕ್ಕಾಬಾಯಿ. ಪುಣೆಯ ಕಡೆ ಕಟ್ಟಡದ ಕೆಲಸದಲ್ಲಿರುವ ಅವಳ ನಾದಿನಿ.